ನಾಲ್ಕು ಸೆಲ್ಲು, ಒಂದು ಶಹನ

ಗೋಡೆ ಗಡಿಯಾರ ನಿಂತರೆ ಜನ ಹೊಸ ಸೆಲ್ಲು ತಂದು ಹಾಕುತ್ತಾರೆ, ಹಳೆಯದನ್ನು ಕಸದ ಬುಟ್ಟಿಗೆ ಎಸೆಯುತ್ತಾರೆ. ಮೊದಲನೆಯದನ್ನು ನಾನೂ ಮಾಡುತ್ತೇನೆ, ಎರಡನೆಯದು ನನ್ನಿಂದ ಆಗುವುದಿಲ್ಲ. ಮುಗಿದುಹೋದ ಸೆಲ್ಲನ್ನು ಪಂಚೆಯ ತುದಿಯಿಂದ ಒರೆಸಿ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಬಿಸಿಲಿಗಿಡುತ್ತೇನೆ. ಈಗ ಅಲ್ಲಿ ಗಡಿಯಾರದ್ದೊಂದು, ಟಿವಿ ರಿಮೋಟಿನವು ಎರಡು, ಟಾರ್ಚಿನವು ಮೂರು ಸಾಲಾಗಿ ಮಲಗಿವೆ. ಮನೆಗೆ ಬಂದಾಗಲೆಲ್ಲ ಮಗಳು ರಶ್ಮಿ, "ಅಪ್ಪಾ, ಇದೇನು ಸಂಡಿಗೆ ಒಣಹಾಕಿದೀಯಾ?" ಎಂದು ನಗುತ್ತಾಳೆ. "ಎಸೀರಿ ಅದನ್ನ, ನೋಡಿದವರು ಏನಂದ್ಕೋತಾರೆ" ಎಂದು ಹೆಂಡತಿ ಪದ್ಮ ಬೈಯುತ್ತಾಳೆ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನು. ಬಿಸಿಲಿಗಿಟ್ಟ ಸೆಲ್ಲಿಗೆ ಬರುವ ಜೀವ ಎಷ್ಟು ಹೊತ್ತಿನದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇಡುತ್ತೇನೆ.

ಈ ಚಟ ಅಂಟಿದ್ದು ನಮ್ಮಪ್ಪನಿಂದ. ಮೈಸೂರಿನ ನಮ್ಮ ವಠಾರದಲ್ಲಿ ಮೂರು ಸೆಲ್ಲಿನ ಟಾರ್ಚು ಇದ್ದದ್ದು ಅಪ್ಪನ ಹತ್ತಿರ ಮಾತ್ರ. ಅದರ ಬೆಳಕು ಹಳದಿಗೆ ತಿರುಗಿತು ಎಂದರೆ ಭಾನುವಾರ ಬೆಳಿಗ್ಗೆ ಸೆಲ್ಲುಗಳನ್ನು ಬಿಚ್ಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಕಾಗೆ ಎತ್ತಿಕೊಂಡು ಹೋಗದ ಹಾಗೆ ಕಾಯುವ ಕೆಲಸ ನನ್ನದು. ಕಾಗೆಗೆ ಸೆಲ್ಲು ಯಾಕೆ ಬೇಕು ಎಂದು ನಾನೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಗಂಟೆಗೊಮ್ಮೆ ಅವುಗಳ ಮಗ್ಗುಲು ತಿರುಗಿಸಬೇಕು, ಎಲ್ಲ ಕಡೆಯೂ ಬಿಸಿಲು ಬೀಳಬೇಕು. ಬಿಸಿಯಾದ ಸೆಲ್ಲನ್ನು ಕೆನ್ನೆಗೆ ಒತ್ತಿಕೊಂಡರೆ ಹಿತವಾಗುತ್ತಿತ್ತು. ಒಂದು ಸಲ ನಾಲಿಗೆಯ ತುದಿಯಿಂದ ಮುಟ್ಟಿ ನೋಡಿ, ಜುಮ್ಮೆನ್ನುವ ಮೊದಲೇ ಅಮ್ಮನಿಂದ ಬೆನ್ನಿಗೆ ಗುದ್ದು ತಿಂದೆ. ಸೆಲ್ಲಿನ ವಿಷಯದಲ್ಲಿ ನಾನು ತಿಂದ ಗುದ್ದುಗಳಲ್ಲಿ ಅದೇ ಹಗುರವಾದದ್ದು. ಇನ್ನೊಂದರ ಕತೆ ಹೇಳುತ್ತೇನೆ, ಕೇಳಿ.

ಕುವೈತಿಗೆ ಹೋದಾಗ ರಶ್ಮಿಗೆ ಎರಡು ವರ್ಷ. ಸಬ್ಹಾನ್‌ನಲ್ಲಿ ಕುಡಿಯುವ ನೀರನ್ನು ಬಾಟಲಿಗೆ ತುಂಬುವ ಕಾರ್ಖಾನೆ. ಬಾಟಲಿಗಳು ಸಾಗುವ ಬೆಲ್ಟು ಇರುತ್ತದಲ್ಲ, ಅದರ ಮೋಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಲ್ಟು ಒಂಚೂರು ಜೋರಾದರೆ ಬಾಟಲಿ ಉರುಳುತ್ತಿದ್ದವು, ಒಂಚೂರು ನಿಧಾನವಾದರೆ ಮ್ಯಾನೇಜರ್ "ಯಲ್ಲಾ, ಯಲ್ಲಾ" ಎಂದು ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಸದ್ದು ಕೇಳಿಯೇ ಮೋಟರಿನ ವೇಗ ಹೇಳುತ್ತೇನೆ ಎಂದು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದೆ. ಹೇಳುತ್ತಲೂ ಇದ್ದೆ. ಈ ಜಂಬವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಅದಕ್ಕೆ ಆಗುವ ಶಾಸ್ತಿ ನೋಡುವುದಕ್ಕೆ.

ಕೋಣೆಯಲ್ಲಿ ನನ್ನ ಜೊತೆಗಿದ್ದವರು ಶೇಖರಣ್ಣ. ಕಾರ್ಕಳದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಶರ್ಕ್‌ನ ಒಂದು ಹೋಟೆಲಿನಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದರು. ಮನೆಯವರೊಂದಿಗೆ ತುಳು, ನನ್ನೊಂದಿಗೆ ಕನ್ನಡ, ಹೋಟೆಲಿನಲ್ಲಿ ಹಿಂದಿ, ವೀಸಾ ಕೊಟ್ಟ ಅರಬ್ ಧಣಿ ಕಫೀಲನೊಂದಿಗೆ ತಲೆಯಾಡಿಸುವ ಭಾಷೆ. ಸಂಗೀತದ ಬಗ್ಗೆ ಅವರಿಗಿದ್ದ ಅಭಿಪ್ರಾಯ ಒಂದೇ: "ಕೇಳಲಿಕ್ಕೆ ಒಳ್ಳೆದುಂಟು ಮಾರಾಯ್ರೆ, ಆದ್ರೆ ಮುಗಿಯುವುದೇ ಇಲ್ಲ."

ಆಗ ಫೋನು ಅಂದರೆ ಹಬ್ಬಕ್ಕೊಮ್ಮೆ ಮೂರು ನಿಮಿಷ. ಕಾಗದ ಬರೆಯಲು ಬೇಜಾರಿದ್ದವರೆಲ್ಲ ಕ್ಯಾಸೆಟ್ಟು ಕಳಿಸುತ್ತಿದ್ದರು. ರಜೆಗೆ ಹೋದವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕ ನಾಲ್ಕೈದು ಕ್ಯಾಸೆಟ್ಟು ಇದ್ದೇ ಇರುತ್ತಿದ್ದವು. ಊರಿನಲ್ಲಿ ಟೇಪ್ ರೆಕಾರ್ಡರನ್ನು ನಡುಮನೆಯಲ್ಲಿಟ್ಟು ಮನೆಮಂದಿಯೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಮಾತಾಡುವುದು. ನಮ್ಮಮ್ಮ ಅದರ ಮುಂದೆ ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದಳು, ಕುವೈತು ದೂರ ಎಂದು. ಪಕ್ಕದ ಮನೆಯವರು ಬಂದು ಕೆಮ್ಮಿ ಹೋಗುತ್ತಿದ್ದರು. ಎಲ್ಲರದ್ದೂ ಆದ ಮೇಲೆ ಹೆಂಡತಿಯ ಸರದಿ. ಅತ್ತೆ, ನೆರೆಮನೆಯವರು, ಪುಟ್ಟ ಮಗಳು, ಇಷ್ಟು ಜನರ ಎದುರು ಗಂಡನಿಗೆ ಒಬ್ಬಳು ಏನು ಹೇಳಿಯಾಳು? "ನಾನು ಚೆನ್ನಾಗಿದೀನಿ, ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ." ಅಷ್ಟೆ. ಆ ಆರೇಳು ಮಾತನ್ನು ನಾನು ನೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದ್ದೇನೆ.

ತೊಂಬತ್ತನೇ ಇಸವಿಯ ಮೇ ತಿಂಗಳಲ್ಲಿ ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತೀಯಾ ಎಂದು ಕೇಳಿದರು. ಹಾಕದಿದ್ದರೆ ಜುಲೈಗೆ ಮನೆಗೆ. ನಾನು ಪದ್ಮಳಿಗೆ ಬರೆದೆ: "ನೀನು ಹೇಗೆ ಹೇಳುತ್ತೀಯೋ ಹಾಗೆ." ಉತ್ತರವಾಗಿ ಒಂದು ಕ್ಯಾಸೆಟ್ಟು ಬಂತು. ಮೊದಲ ಬದಿಯಲ್ಲಿ ಅಮ್ಮ ಎಂದಿನಂತೆ ಕೂಗಿ, ಪದ್ಮ ಪಿಟೀಲಿಗೆ ಹೊಸ ತಂತಿ ಹಾಕಿಸಿದ್ದಾಳೆ ಎಂಬಲ್ಲಿಯವರೆಗಿನ ಸಮಾಚಾರವನ್ನೆಲ್ಲ ತಿಳಿಸಿದಳು. ಕೊನೆಗೆ ಪದ್ಮ ಬಂದಳು. "ಕಾಂಟ್ರ್ಯಾಕ್ಟ್ ವಿಷಯ ಬರೆದಿದ್ರಲ್ಲ..." ಎಂದು ಶುರುಮಾಡಿ ಮಾತು ಬದಲಿಸಿದಳು. "ಆ ಕಡೆಗೆ ಪಿಟೀಲು ನುಡಿಸಿ ಕಳಿಸ್ತೀನಿ. ಕೇಳಿ, ಆಮೇಲೆ ತೀರ್ಮಾನ ಮಾಡಿ."

ತಿರುಗಿಸಿ ಹಾಕಿದೆ. ಮೊದಲಿಗೆ ರಶ್ಮಿಯ ಕೀರಲು ದನಿ, "ಅಪ್ಪಾ, ಅಮ್ಮ ಪಿಟೀಲು ನುಡಿಸ್ತಾಳೆ, ಕೇಳು." ಆಮೇಲೆ ಶಹನ ರಾಗ.

ಸಂಗೀತದಲ್ಲಿ ನನ್ನ ಪಾಂಡಿತ್ಯ ಹೆಂಡತಿಯಿಂದ ಬಳುವಳಿಯಾಗಿ ಬಂದದ್ದು, ಅದೂ ಅರೆಬೆಂದದ್ದು. ಆದರೆ ಶಹನ ನನಗೆ ಗೊತ್ತು. ಹೆಣ್ಣು ನೋಡಲು ಹೋದ ದಿನ ಪದ್ಮ ನುಡಿಸಿದ್ದು ಅದನ್ನೇ. ನಾನು ಕುವೈತಿಗೆ ಹೊರಟ ದಿನ ಸೂಟ್‌ಕೇಸಿನ ಪಕ್ಕದಲ್ಲೇ ಕೂತು ನುಡಿಸಿದ್ದೂ ಅದನ್ನೇ. ಅವತ್ತು ಎಷ್ಟು ನಿಧಾನವಾಗಿ ನುಡಿಸಿದ್ದಳೆಂದರೆ ಪ್ರತಿ ಸ್ವರವನ್ನೂ ಬಿಡಲು ಅವಳಿಗೆ ಮನಸ್ಸಿಲ್ಲ ಎನಿಸಿತ್ತು. ಅರ್ಧಕ್ಕೆ ಕಮಾನು ಕೆಳಗಿಟ್ಟು ಒಳಗೆ ಎದ್ದುಹೋಗಿದ್ದಳು. "ಕಾಲಪ್ರಮಾಣ ಅಂದ್ರೆ ನಮ್ಮ ನಡಿಗೆ ರೀ, ಮನಸ್ಸು ಹೇಗಿದ್ಯೋ ಹಾಗೆ ಕಾಲು ಬೀಳುತ್ತೆ" ಎಂದು ಅವಳೇ ಒಮ್ಮೆ ನನಗೆ ಪಾಠ ಹೇಳಿದ್ದಳು.

ಈಗ ಕ್ಯಾಸೆಟ್ಟಿನಲ್ಲಿದ್ದ ಶಹನ ಲವಲವಿಕೆಯಿಂದ ಹೆಜ್ಜೆ ಹಾಕುತ್ತಿತ್ತು. ಶ್ರುತಿಯೂ ಏರಿತ್ತು. ಮುಂದೆ ಹೋದಂತೆಲ್ಲ ಇನ್ನೂ ಚುರುಕು, ಇನ್ನೂ ಎತ್ತರ. ಕೊನೆಯಲ್ಲಿ ಒಂದು ಪುಟ್ಟ ಉಸಿರು, ಕೆಲಸ ಮುಗಿಸಿದವರು ಬಿಡುವಂಥದ್ದು. ಆಮೇಲೆ ರಶ್ಮಿಯ ಚಿಲಿಪಿಲಿ, "ಆಯ್ತಾ ಅಮ್ಮ?"

ಶ್ರುತಿ ಏರಿದ್ದಕ್ಕೆ ಹೊಸ ತಂತಿಯ ಕಾರಣ ಸಿಕ್ಕಿತು. ವೇಗಕ್ಕೆ ಕಾರಣ ನಾನೇ ಹುಡುಕಿಕೊಂಡೆ. ಹೊರಟಾಗ ಅಳುತ್ತ ನುಡಿಸಿದ್ದನ್ನು ಈಗ ನಲಿಯುತ್ತ ನುಡಿಸುತ್ತಿದ್ದಾಳೆ, ಅಂದರೆ ನಾನಿಲ್ಲದೆ ಇರುವುದು ಅಭ್ಯಾಸವಾಗಿದೆ, ಇದ್ದುಬನ್ನಿ ಎನ್ನುತ್ತಿದ್ದಾಳೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನದ ಜೊತೆಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. "ನಿಮ್ಮ ಮಿಸೆಸ್ ಖುಷಿಯಲ್ಲಿದ್ದಾರೆ ಮಾರಾಯ್ರೆ," ಎಂದರು ಈರುಳ್ಳಿ ಹೆಚ್ಚುತ್ತಿದ್ದ ಶೇಖರಣ್ಣ, "ನನ್ನ ಕತ್ತಿಯೂ ಫಾಸ್ಟಾಯಿತು ನೋಡಿ."

ಸಹಿ ಹಾಕಿದೆ. ಕಾಗದ ಬರೆದೆ: "ನಿನ್ನ ಪಿಟೀಲು ಕೇಳಿದೆ. ನಿನ್ನ ಮನಸ್ಸು ತಿಳಿಯಿತು. ಇನ್ನೆರಡು ವರ್ಷಕ್ಕೆ ಒಪ್ಪಿದ್ದೇನೆ." ಎಷ್ಟು ಅಂದವಾಗಿ ಬರೆದಿದ್ದೇನೆ ಎಂದು ಅಂಚೆಗೆ ಹಾಕುವ ಮೊದಲು ಎರಡು ಸಲ ಓದಿಕೊಂಡೆ.

ಅದಕ್ಕೆ ಉತ್ತರ ಬರಲಿಲ್ಲ. ಬರುವ ಮೊದಲೇ ಆಗಸ್ಟ್ ಬಂತು. ಒಂದು ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು ನಿಂತಿದ್ದವು. ಕಾರ್ಖಾನೆಯ ವ್ಯಾನು ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಅಂಚೆ ನಿಂತಿತು, ಫೋನು ಸತ್ತಿತು. ಶೇಖರಣ್ಣನ ಹೋಟೆಲಿಗೆ ಬೀಗ ಬಿತ್ತು, ಆದರೆ ಸ್ಟೋರಿನ ಪುಣ್ಯದಿಂದ ನಮಗೆ ಅಕ್ಕಿ, ಬೇಳೆ ಸಿಕ್ಕಿತು. ಮುಂದಿನ ವಾರಗಳಲ್ಲಿ ನಾವಿಬ್ಬರೂ ಮಾಡಿದ್ದು ಗಂಜಿ ಬೇಯಿಸುವುದು, ಊರಿಗೆ ಹೋಗುವ ದಾರಿಯ ಬಗ್ಗೆ ದಿನಕ್ಕೊಂದು ಸುದ್ದಿ ಕೇಳುವುದು, ಸಂಜೆಗೆ ಅದು ಸುಳ್ಳೆಂದು ತಿಳಿಯುವುದು.

ಸುದ್ದಿ ಕೇಳುವುದಕ್ಕಿದ್ದದ್ದು ನನ್ನ ಟೂ-ಇನ್-ಒನ್. ರೇಡಿಯೋ ಅದೇ, ಟೇಪೂ ಅದೇ. ನಮ್ಮ ಕಟ್ಟಡದ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ನಾಲ್ಕು ಸೆಲ್ಲೇ ಗತಿ. ಊರಿನವರೆಲ್ಲ ರೇಡಿಯೋಗೆಂದು ಸೆಲ್ಲು ಕೊಂಡು ಅಂಗಡಿಗಳಲ್ಲಿ ಒಂದೂ ಉಳಿದಿರಲಿಲ್ಲ. ಹೀಗಾಗಿ ಕೋಣೆಯಲ್ಲೊಂದು ಸಣ್ಣ ಯುದ್ಧ ಶುರುವಾಯಿತು. ಅವರಿಗೆ ವಾರ್ತೆ ಬೇಕು, ನನಗೆ ಶಹನ ಬೇಕು.

"ಪಿಟೀಲು ಕೇಳಿ ಎಂತ ಮಾಡ್ತೀರಿ ಮಾರಾಯ್ರೆ? ವಿಮಾನ ಬಿಡ್ತಾರಾ ಇಲ್ವಾ ಅಂತ ಅದು ಹೇಳ್ತದಾ?"

"ವಾರ್ತೆಯೂ ಹೇಳ್ತಿಲ್ಲವಲ್ಲ ಶೇಖರಣ್ಣ."

"ನಾಳೆ ಹೇಳಬಹುದಲ್ಲ! ಪಿಟೀಲು ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಹತ್ರವೇ ಉಂಟು."

ಅಪ್ಪನ ವಿದ್ಯೆ ನೆನಪಾಗಿ ಸೆಲ್ಲುಗಳನ್ನು ಬಾಲ್ಕನಿಯ ಗೋಡೆಯ ಮೇಲೆ ನಿಲ್ಲಿಸಿದೆ. ಕುವೈತಿನ ಬಿಸಿಲಿಗೆ ಯಾರ ಶಿಫಾರಸೂ ಬೇಕಾಗಿಲ್ಲ. ಹತ್ತೇ ನಿಮಿಷಕ್ಕೆ ಬೆರಳು ಸುಡುವಷ್ಟು ಕಾಯುತ್ತಿದ್ದವು. ಬಟ್ಟೆಯಲ್ಲಿ ಹಿಡಿದು ಒಳಗೆ ತಂದು ಹಾಕಿದರೆ ವಾರ್ತೆ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಶೇಖರಣ್ಣ ನನ್ನನ್ನು ಮೊದಲ ಸಲ ಗೌರವದಿಂದ ನೋಡಿದರು. "ಮೈಸೂರಿನವರಿಗೆ ತಲೆ ಉಂಟು ಮಾರಾಯ್ರೆ" ಎಂದರು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಆ ಸೆಲ್ಲುಗಳು ಬಿಸಿಲಿಗೂ ಬಗ್ಗದ ಸ್ಥಿತಿಗೆ ಬಂದವು. ರೇಡಿಯೋದಲ್ಲಿ ಮನುಷ್ಯರ ಮಾತು ಗೊತ್ತಾಗುತ್ತಿರಲಿಲ್ಲ. ಶೇಖರಣ್ಣ ಅಕ್ಕಿಯಲ್ಲಿ ಕಲ್ಲು ಆರಿಸುತ್ತ, "ಇನ್ನು ಅದು ಖಲಾಸ್. ಉಳಿದದ್ದರಲ್ಲಿ ನಿಮ್ಮ ಪಿಟೀಲು ಕೇಳಿ, ಹೋಗಲಿ" ಎಂದು ಧಾರಾಳವಾಗಿ ಬಿಟ್ಟುಕೊಟ್ಟರು. ಕಡೆಯ ಬಾರಿ ಎಂದುಕೊಂಡು ಗುಂಡಿ ಒತ್ತಿದೆ.

"ಅಪ್ಪಾ, ಅಮ್ಮ ಪಿಟೀಲು ನುಡಿಸ್ತಾಳೆ, ಕೇಳು."

ನಾನು ಬೆಚ್ಚಿದೆ. ಅದು ಕೀರಲು ದನಿಯಾಗಿರಲಿಲ್ಲ. ನಾಲ್ಕು ವರ್ಷದ, ಮಾತು ಸ್ಪಷ್ಟವಾಗಿ ಬರುವ ಒಬ್ಬ ಹುಡುಗಿಯ ದನಿ. ನನ್ನ ಮಗಳು ನಾನು ಕಾಣದಲ್ಲಿ ಬೆಳೆದುಬಿಟ್ಟಿದ್ದಳು. ಆಮೇಲೆ ಶಹನ ಶುರುವಾಯಿತು. ನಿಧಾನವಾಗಿ, ಎಷ್ಟು ನಿಧಾನವಾಗಿ ಎಂದರೆ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಹಿಂದಿರುಗಿ ನೋಡಿ, ನಿಂತು, ಮತ್ತೆ ಹೆಜ್ಜೆ ಇಡುತ್ತಿತ್ತು. ಶ್ರುತಿ ಇಳಿದು ಅವಳದ್ದೇ ಶ್ರುತಿಯಾಗಿತ್ತು. ಇದು ಸೂಟ್‌ಕೇಸಿನ ಪಕ್ಕದಲ್ಲಿ ಕೂತು ನುಡಿಸಿದ ಶಹನ. ಅವತ್ತು ಅರ್ಧಕ್ಕೆ ಬಿಟ್ಟು ಎದ್ದಿದ್ದಳಲ್ಲ, ಅಲ್ಲಿಂದ ಮುಂದಕ್ಕೂ ನುಡಿಸಿದ್ದಳು.

ಶೇಖರಣ್ಣನ ಕೈ ಮೊರದಲ್ಲೇ ನಿಂತಿತು. "ಇದು ಬೇರೆ ಕ್ಯಾಸೆಟ್ಟಾ ಮಾರಾಯ್ರೆ?"

"ಅಲ್ಲ, ಅದೇ."

"ಅದೇ ಅಲ್ಲ. ಅದು ಖುಷಿಯದ್ದು. ಇದು..." ಅವರು ಮೊರ ಕೆಳಗಿಟ್ಟರು. "ಇದು ಕರೆಯುವ ಹಾಗೆ ಉಂಟಲ್ಲ ಮಾರಾಯ್ರೆ."

ಮೋಟರಿನ ಸದ್ದು ಕೇಳಿ ವೇಗ ಹೇಳುವ ಮಹಾಶಯನಿಗೆ ಆಗ ಹೊಳೆಯಿತು. ಪದ್ಮ ನುಡಿಸಿದಾಗ ಅಲ್ಲಿನ ಟೇಪ್ ರೆಕಾರ್ಡರಿನ ಸೆಲ್ಲು ಸಾಯುತ್ತಿತ್ತು. ಟೇಪು ನಿಧಾನವಾಗಿ, ಬರಬರುತ್ತ ಇನ್ನೂ ನಿಧಾನವಾಗಿ ಓಡಿತ್ತು. ಅದನ್ನು ನನ್ನ ಗಟ್ಟಿಮುಟ್ಟಾದ ಜಪಾನಿ ಯಂತ್ರದಲ್ಲಿ ಸರಿಯಾದ ವೇಗಕ್ಕೆ ಹಾಕಿದಾಗ ಅವಳ ದುಃಖವೆಲ್ಲ ಓಡತೊಡಗಿತ್ತು, ಏರುದನಿಯಲ್ಲಿ ನಗತೊಡಗಿತ್ತು. ಈಗ ನನ್ನ ಸೆಲ್ಲೂ ಸಾಯುತ್ತಿತ್ತು. ಅವಳ ಸಾಯುವ ಸೆಲ್ಲಿಗೆ ನನ್ನ ಸಾಯುವ ಸೆಲ್ಲು ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದದ್ದರಿಂದ ಅವಳು ನುಡಿಸಿದ್ದು ಮೊದಲ ಬಾರಿಗೆ ಅವಳು ನುಡಿಸಿದ ಹಾಗೆ ಕೇಳಿತು. ಕೊನೆಯ ಆ ಪುಟ್ಟ ಉಸಿರು ಉದ್ದನೆಯ ನಿಟ್ಟುಸಿರಾಗಿತ್ತು. "ಆಯ್ತಾ ಅಮ್ಮ?" ಎಂದು ರಶ್ಮಿ ಮೆಲ್ಲಗೆ ಕೇಳಿದಳು. ಟೇಪು ಗೊರಗೊರ ಎಂದು ನಿಂತಿತು.

ಬನ್ನಿ ಎಂದಿದ್ದಳು. ಮನೆ ತುಂಬ ಜನರಿದ್ದಾಗ ಬಾಯಿ ಬಿಟ್ಟು ಹೇಳಲಾಗದ್ದನ್ನು ಪಿಟೀಲಿನಲ್ಲಿ ಹೇಳಿದ್ದಳು. ಅದಕ್ಕೆ ನಾನು "ನಿನ್ನ ಮನಸ್ಸು ತಿಳಿಯಿತು" ಎಂದು ಬರೆದು, ಸಹಿ ಹಾಕಿ ಕೂತಿದ್ದೆ. ಕೇಳಿಸಿಕೊಂಡೂ ಈ ಮನುಷ್ಯ ಬರುವುದಿಲ್ಲ ಎಂದಿದ್ದಾನೆ, ಎಂದೇ ಅವಳು ತಿಳಿದಿರುತ್ತಾಳೆ. ಗುಂಡೇಟಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳಲ್ಲಿ ನನ್ನನ್ನು ತಿಂದದ್ದು ಆ ಗುಂಡಿನ ಭಯವಲ್ಲ. ಇಲ್ಲೇ ಏನಾದರೂ ಆಗಿಬಿಟ್ಟರೆ, ಆ ಕಾಗದವೇ ನನ್ನ ಕೊನೆಯ ಮಾತಾಗುತ್ತದಲ್ಲ ಎಂಬುದು. ಒಂದೇ ಒಂದು ವಾಕ್ಯ ಹೇಳುವುದಕ್ಕಾಗಿ ಊರು ಮುಟ್ಟಬೇಕೆಂದು ಅಷ್ಟು ಹಂಬಲಿಸಿದ್ದು ಆಗಲೇ.

ಅಕ್ಟೋಬರಿನ ಹೊತ್ತಿಗೆ ಊರಿಗೆ ಹೊರಡುವ ನಮ್ಮ ಸರದಿ ಬಂತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಆಮೇಲೆ ಅಮ್ಮಾನ್, ಅಲ್ಲಿಂದ ವಿಮಾನ. ದಾರಿಯ ಒಂದು ತಪಾಸಣೆಯಲ್ಲಿ ಸೈನಿಕನೊಬ್ಬ ನನ್ನ ಟೂ-ಇನ್-ಒನ್ ಎತ್ತಿಕೊಂಡು ಗುಂಡಿ ಒತ್ತಿದ. ಅದು ಎಮ್ಮೆ ನರಳಿದ ಹಾಗೆ ಒಂದು ಸದ್ದು ಮಾಡಿತು. ಅವನು ನಕ್ಕು, ಕ್ಯಾಸೆಟ್ಟನ್ನು ತೆಗೆದು ನನ್ನ ಕೈಗಿತ್ತು, ಯಂತ್ರವನ್ನು ಇಟ್ಟುಕೊಂಡ. "ಬಿಡಿ ಮಾರಾಯ್ರೆ, ಬೇಕಾದ್ದು ಸಿಕ್ಕಿತಲ್ಲ" ಎಂದು ಶೇಖರಣ್ಣ ನನ್ನನ್ನು ಬಸ್ಸಿಗೆ ಎಳೆದರು. ಬೊಂಬಾಯಿಯಲ್ಲಿ ಮಂಗಳೂರು ಬಸ್ಸು ಹತ್ತುವಾಗ ಅವರು ಹೇಳಿದ್ದೂ ಒಂದೇ ಮಾತು: "ಮನೆಗೆ ಹೋದ ಕೂಡ್ಲೇ ಹೇಳಿಬಿಡಿ."

ಹೇಳಲಿಲ್ಲ. ಮನೆಗೆ ಹೋದರೆ ಬೀದಿಯ ಜನವೆಲ್ಲ ನಡುಮನೆಯಲ್ಲಿದ್ದರು. ಅಮ್ಮ ದೃಷ್ಟಿ ತೆಗೆದಳು. ರಶ್ಮಿ ಬಾಗಿಲ ಹಿಂದೆ ನಿಂತು ನನ್ನನ್ನು ಅಳೆದಳು. ಪದ್ಮ ಕಾಫಿ ತಂದುಕೊಟ್ಟು, "ಸೊರಗಿದೀರಿ" ಎಂದಳು. ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲೆ ಧೂಳು ಹಿಡಿದಿತ್ತು. ತೆಗೆದು ನೋಡಿದೆ, ತಂತಿಗಳನ್ನು ಸಡಿಲಿಸಿ ಇಟ್ಟಿದ್ದಳು. ಬಹಳ ದಿನ ನುಡಿಸುವುದಿಲ್ಲ ಎಂದು ಗೊತ್ತಿದ್ದವರು ಹಾಗೆ ಮಾಡುತ್ತಾರೆ. ಅದನ್ನು ನೋಡಿದ ಮೇಲೆ ನನ್ನ ನಾಲಿಗೆ ಏಳಲಿಲ್ಲ. ಯುದ್ಧದಿಂದ ಬಂದ ಗಂಡ ತಪ್ಪನ್ನೆಲ್ಲ ಸತ್ತ ಸೆಲ್ಲಿನ ತಲೆಗೆ ಕಟ್ಟಿದರೆ ಯಾರು ನಂಬುತ್ತಾರೆ? ತಿಂಗಳುಗಟ್ಟಲೆ ನಾವಿಬ್ಬರೂ ಬಹಳ ಮರ್ಯಾದೆಯಿಂದ ಸಂಸಾರ ಮಾಡಿದೆವು. ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ.

ತೊಂಬತ್ತೊಂದರಲ್ಲಿ ಯುದ್ಧ ಮುಗಿದು, ಕಾರ್ಖಾನೆ ಮತ್ತೆ ಶುರುವಾಗಿ, ಕಂಪನಿಯಿಂದ ಬಾ ಎಂದು ಕಾಗದ ಬಂತು. ಅದನ್ನು ಪದ್ಮಳ ಮುಂದಿಟ್ಟೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

"ಹೋಗಿಬನ್ನಿ. ನನ್ನ ಕೇಳೋದೇನಿದೆ? ಹೋದ ಸಲ ಕೇಳಿದ್ರಿ, ಹೇಳಿದೆ. ಕೇಳಿಸಿಕೊಂಡ ಮೇಲೂ ಸಹಿ ಹಾಕಿದ್ರಲ್ಲ."

"ಕೇಳಿಸಿಕೊಂಡಿರಲಿಲ್ಲ ಪದ್ಮ," ಎಂದೆ. "ನಾನು ಕೇಳಿದ್ದೇ ಬೇರೆ."

ಪೇಟೆಗೆ ಓಡಿದೆ. ಕರೆಂಟನ್ನು ನಂಬದೆ ನಾಲ್ಕು ಹೊಸ ಸೆಲ್ಲು ತಂದೆ. ಅದೇ ಟೇಪ್ ರೆಕಾರ್ಡರಿಗೆ ಹಾಕಿ, ಟ್ರಂಕಿನ ಅಡಿಯಲ್ಲಿದ್ದ ಕ್ಯಾಸೆಟ್ಟು ತೆಗೆದು, ಅವಳ ಮುಂದಿಟ್ಟು ಗುಂಡಿ ಒತ್ತಿದೆ. ಕೀರಲು ರಶ್ಮಿ ಬಂದಳು. ಹಿಂದೆಯೇ ಶಹನ ಕುಣಿಯುತ್ತ ಬಂತು.

ಪದ್ಮ ಹುರುಳಿಕಾಯಿ ಬಿಟ್ಟಳು. ತಲೆ ಓರೆ ಮಾಡಿ ಕೇಳಿದಳು. "ಇದು ನಂದಲ್ಲ," ಎಂದಳು. ಸ್ವಲ್ಪ ಹೊತ್ತಿಗೆ, "ನನ್ನ ಪಿಟೀಲು ಒಂದು ಮನೆ ಶ್ರುತಿ ರೀ, ತಗ್ಗಿನದು. ಇದು ಎರಡು ಮನೆನೂ ದಾಟಿ ಹೋಗ್ತಿದೆ." ಆಮೇಲೆ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದಳು. ಅವತ್ತು ಅತ್ತೆ ಸೀಮಂತಕ್ಕೆಂದು ಹೋಗಿದ್ದರು, ಮನೆಯಲ್ಲಿ ಯಾರೂ ಇರದ ಹೊತ್ತು ಅದೊಂದೇ. ಪಿಟೀಲು ಶ್ರುತಿ ಮಾಡಿ ಕೂತರೆ ಕರೆಂಟು ಹೋಯಿತು. "ಮಾವನವರ ಟಾರ್ಚಿನ ಮೂರು ಸೆಲ್ಲು, ಪಕ್ಕದ ಮನೆಯಿಂದ ಒಂದು. ಮಾವ ಮಾಡ್ತಿದ್ದ ಹಾಗೆ ಒಗೆಯೋ ಕಲ್ಲಿನ ಮೇಲೆ ಬಿಸಿಲಿಗಿಟ್ಟು ಹಾಕಿದ್ದೆ. ಮುಗಿಯೋವರೆಗೂ ತಡೀತಲ್ಲಾ, ದೇವರು ದೊಡ್ಡವನು ಅಂದ್ಕೊಂಡೆ."

ನಾನು ಕುವೈತಿನ ಆ ಮಧ್ಯಾಹ್ನದ ಕತೆ ಹೇಳಿದೆ. ಬಾಲ್ಕನಿ, ಸೆಲ್ಲು, ಶೇಖರಣ್ಣನ ಮೊರ, ಒಂದನ್ನೂ ಬಿಡಲಿಲ್ಲ. ಆ ಒಂದು ವಾಕ್ಯವನ್ನೂ ಹೇಳಿದೆ: "ನಿಜವಾಗಿ ಕೇಳಿಸಿದ್ದರೆ ಓಡಿ ಬರುತ್ತಿದ್ದೆ." ಅಷ್ಟರಲ್ಲಿ ಕ್ಯಾಸೆಟ್ಟಿನ ಶಹನ ತುದಿಗಾಲಲ್ಲಿ ಓಡಿ ಮುಗಿಯಿತು. ಪುಟ್ಟ ಉಸಿರು ಬಂತು. "ಆಯ್ತಾ ಅಮ್ಮ?" ಎಂದಿತು ಚಿಲಿಪಿಲಿ.

ಪದ್ಮ ಕಣ್ಣೊರೆಸಿಕೊಂಡಳು. ಅದರ ನಡುವೆಯೇ ಅವಳಿಗೆ ನಗು ಬಂತು.

"ಇದನ್ನ ಕೇಳಿದ್ದಿದ್ರೆ ನಾನೂ ಸಹಿ ಹಾಕ್ತಿದ್ದೆ ರೀ" ಎಂದಳು.

ಕಂಪನಿಯ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಮೈಸೂರಿನಲ್ಲೇ ಮೋಟರ್ ರಿಪೇರಿ ಅಂಗಡಿ ಹಾಕಿ ಇಷ್ಟು ವರ್ಷ ಕಳೆದೆ. ಆ ಕ್ಯಾಸೆಟ್ಟು ಬೂಷ್ಟು ಹಿಡಿದು ಹೋಯಿತು. ಶಹನ ಮಾತ್ರ ಮನೆಯಲ್ಲಿದೆ, ಅದರದೇ ನಡಿಗೆಯಲ್ಲಿ.

ಇವತ್ತು ಬೆಳಿಗ್ಗೆಯೂ ಪದ್ಮ ಸೆಲ್ಲು ಎಸೆಯಿರಿ ಎಂದು ಬೈದಳು. ನಾನು ಪೇಪರ್ ಓದುತ್ತ ಹೂಂಗುಟ್ಟಿದೆ. ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವಳು ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತು, ಒಂದೊಂದಾಗಿ ಆ ಆರೂ ಸೆಲ್ಲುಗಳ ಮಗ್ಗುಲು ತಿರುಗಿಸುತ್ತಿದ್ದಳು.